ಮೆಥಡಿಸ್ಟರ ಐವತ್ತೆರಡು ವರ್ಷದ ವ್ಯಾಜ್ಯ: ಬೈಬಲನ್ನು ಯಾರ ಜೊತೆ ಕೂತು ಓದಬೇಕು?

ಅಮೆರಿಕದ ಫಿಲಡೆಲ್ಫಿಯಾದ ಜರ್ಮನ್‌ಟೌನ್ ಬಡಾವಣೆಯಲ್ಲಿ, ಪ್ರೊಟೆಸ್ಟೆಂಟ್ ಪಂಗಡಗಳಲ್ಲಿ ಒಂದಾದ ಮೆಥಡಿಸ್ಟರ ಚರ್ಚಿನಲ್ಲಿ 2003ರ ಒಂದು ಭಾನುವಾರ ಸಭಾಪಾಲಕಿ ಬೆತ್ ಸ್ಟ್ರೌಡ್ ತಮ್ಮ ಪ್ರಸಂಗದಲ್ಲಿ, ತಾವು ಸಲಿಂಗಿ ಎಂದೂ ಒಬ್ಬ ಮಹಿಳೆಯ ಜೊತೆ ಬಾಳುತ್ತಿರುವುದಾಗಿಯೂ ಜನರ ಮುಂದೆ ಹೇಳಿಕೊಂಡರು. ಹಾಗೆ ಹೇಳಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. 2004ರ ಡಿಸೆಂಬರ್‌ನಲ್ಲಿ ಚರ್ಚಿನ ವಿಚಾರಣೆ ನಡೆದು ಅವರ ಅಭಿಷೇಕ, ಅಂದರೆ ಪಾದ್ರಿಯಾಗಿ ಸೇವೆ ಮಾಡುವ ಅಧಿಕಾರ, ರದ್ದಾಯಿತು. ಮೇಲ್ಮನವಿಯಲ್ಲಿ ಒಮ್ಮೆ ಗೆದ್ದರೂ ಕೊನೆಯ ತೀರ್ಪು ಅವರ ವಿರುದ್ಧವೇ ಬಂತು.

ಆ ಊರಿನ ಸಭೆ, ಅಂದರೆ ಆ ಚರ್ಚಿನ ಜನ, ಆಗ ಮಾಡಿದ ಕೆಲಸ ನನಗೆ ತೀರ್ಪಿಗಿಂತ ಮುಖ್ಯವಾಗಿ ಕಾಣುತ್ತದೆ. ಸ್ಟ್ರೌಡ್ ಅವರನ್ನು ಅವರು ಕಳಿಸಲಿಲ್ಲ. ಅಭಿಷೇಕವಿಲ್ಲದ ಸಾಮಾನ್ಯ ಸೇವಕಿಯಾಗಿ ಕೆಲಸದಲ್ಲಿ ಉಳಿಸಿಕೊಂಡರು. ಅವರು ಪ್ರಸಂಗ ಮಾಡಬಹುದಿತ್ತು, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥಿಸಬಹುದಿತ್ತು. ದೀಕ್ಷಾಸ್ನಾನ ಕೊಡುವಂತಿರಲಿಲ್ಲ, ಕರ್ತನ ಭೋಜನದ ರೊಟ್ಟಿ ಮುರಿಯುವಂತಿರಲಿಲ್ಲ. 2024ರ ಮೇ ತಿಂಗಳಲ್ಲಿ, ಸುಮಾರು 20 ವರ್ಷ ಕಳೆದ ಮೇಲೆ, ಪೂರ್ವ ಪೆನ್ಸಿಲ್ವೇನಿಯಾದ ಮೆಥಡಿಸ್ಟ್ ಸಮ್ಮೇಳನ (ಆ ಪ್ರದೇಶದ ಚರ್ಚುಗಳ ಆಡಳಿತ ಸಂಘ) ಅವರ ಅಧಿಕಾರವನ್ನು ಮರಳಿ ಕೊಟ್ಟಿತು.

ಪ್ರಗತಿಪರ ಕ್ರೈಸ್ತ ಸಭೆ ಎಂದರೆ ಬೈಬಲನ್ನು ಪಕ್ಕಕ್ಕಿಟ್ಟು ಕಾಲಕ್ಕೆ ತಕ್ಕಂತೆ ನಡೆಯುವವರ ಗುಂಪು ಎಂಬ ಅಭಿಪ್ರಾಯ ನಮ್ಮಲ್ಲಿ ಹೊರಗಿನವರಿಗೂ ಇದೆ, ಚರ್ಚಿನ ಒಳಗಿನವರಿಗೂ ಇದೆ. ಸ್ಟ್ರೌಡ್ ಅವರ ಪಂಗಡವಾದ ಯುನೈಟೆಡ್ ಮೆಥಡಿಸ್ಟ್ ಚರ್ಚಿನಲ್ಲಿ ಸಲಿಂಗಿಗಳ ಬಗ್ಗೆ ನಡೆದ ಈ ದೀರ್ಘ ವ್ಯಾಜ್ಯವನ್ನು ಹತ್ತಿರದಿಂದ ನೋಡಿದರೆ ಆ ಅಭಿಪ್ರಾಯ ನಿಲ್ಲುವುದಿಲ್ಲ. ಅಲ್ಲಿ ಬದಲಾವಣೆ ಬಂದದ್ದು ಬೈಬಲನ್ನು ಬಿಟ್ಟಿದ್ದರಿಂದಲ್ಲ. ಹೊರಗಿಟ್ಟವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಬೈಬಲನ್ನು ಮತ್ತೆ ಓದಿದ್ದರಿಂದ. ಇಡೀ ಪಂಗಡಕ್ಕೆ ನಿಯಮ ಮಾಡುವ ಮಹಾಸಭೆಯ ಠರಾವು ಬಹಳ ತಡವಾಗಿ ಬಂತು. ಊರಿನ ಸಭೆಗಳು ಅದಕ್ಕೂ ಎಷ್ಟೋ ಮೊದಲು ಬದಲಾಗಿದ್ದವು.

ವ್ಯಾಜ್ಯ ಶುರುವಾದದ್ದು 1972ರಲ್ಲಿ. 1968ರಲ್ಲಿ ಎರಡು ಪಂಗಡಗಳು ಕೂಡಿ ಹುಟ್ಟಿದ ಈ ಚರ್ಚು ತನ್ನ ಸಾಮಾಜಿಕ ತತ್ವಗಳನ್ನು ಬರೆಯಲು ಅಟ್ಲಾಂಟಾದಲ್ಲಿ ಸೇರಿತ್ತು. ಸಲಿಂಗಿಗಳೂ ಪವಿತ್ರ ಬೆಲೆಯುಳ್ಳ ಮನುಷ್ಯರು, ಅವರಿಗೂ ಸಭೆಯ ಆರೈಕೆ ಬೇಕು ಎಂಬ ಮಾತು ಕರಡಿನಲ್ಲಿತ್ತು. ಚರ್ಚೆಯ ನಡುವೆ ಟೆಕ್ಸಸ್ಸಿನ ಪ್ರತಿನಿಧಿಯೊಬ್ಬರು ತಿದ್ದುಪಡಿ ತಂದು, ಸಲಿಂಗ ಸಂಬಂಧ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂಬ ಸಾಲನ್ನು ಸೇರಿಸಿದರು. ಗಡಿಬಿಡಿಯಲ್ಲಿ ಸೇರಿದ ಆ ಒಂದು ಸಾಲು ಐವತ್ತೆರಡು ವರ್ಷ ನಿಂತಿತು. 1984ರಲ್ಲಿ ಅದರ ಮೇಲೆ ಅಭಿಷೇಕದ ನಿಷೇಧ ಬಂತು, 1996ರಲ್ಲಿ ಮದುವೆ ನಡೆಸುವುದಕ್ಕೂ ನಿಷೇಧ ಬಂತು.

ಅದೇ 1972ರ ಮಹಾಸಭೆ ಇನ್ನೊಂದು ನಿರ್ಣಯವನ್ನೂ ಒಪ್ಪಿಕೊಂಡಿತು. ಡಲ್ಲಾಸಿನ ದೈವಶಾಸ್ತ್ರಜ್ಞ ಆಲ್ಬರ್ಟ್ ಔಟ್ಲರ್ ಮುಂದಾಳಾಗಿದ್ದ ಆಯೋಗವೊಂದು, ಮೆಥಡಿಸ್ಟರು ವಿಶ್ವಾಸದ ಪ್ರಶ್ನೆಗಳನ್ನು ನಾಲ್ಕರ ಬೆಳಕಿನಲ್ಲಿ ನೋಡಬೇಕು ಎಂದಿತು: ಧರ್ಮಗ್ರಂಥ, ಪರಂಪರೆ, ವಿವೇಕ, ಅನುಭವ. ಹದಿನೆಂಟನೇ ಶತಮಾನದಲ್ಲಿ ಮೆಥಡಿಸ್ಟ್ ಚಳವಳಿ ಕಟ್ಟಿದ ಜಾನ್ ವೆಸ್ಲಿ ಇದನ್ನು ಸೂತ್ರ ಮಾಡಿ ಹೇಳಿದವರಲ್ಲ. ಅವರು ಬೈಬಲ್ ಓದುತ್ತಿದ್ದ ರೀತಿಯಿಂದ ಔಟ್ಲರ್ ಇದನ್ನು ಹೆಕ್ಕಿ ತೆಗೆದರು. ಧರ್ಮಗ್ರಂಥಕ್ಕೇ ಮೊದಲ ಸ್ಥಾನ ಎಂಬುದನ್ನು 1988ರಲ್ಲಿ ಇನ್ನಷ್ಟು ಸ್ಪಷ್ಟಪಡಿಸಿದರು. ಹೀಗೆ ನಿಷೇಧವೂ, ಆ ನಿಷೇಧವನ್ನು ಪ್ರಶ್ನಿಸುವ ವಿಧಾನವೂ ಒಂದೇ ವರ್ಷ ಒಂದೇ ನಿಯಮಪುಸ್ತಕದೊಳಗೆ ಬಂದವು. ಮುಂದಿನ ಅರ್ಧ ಶತಮಾನದ ಜಗಳ ಇವೆರಡರ ನಡುವಿನದು.

ಜಗಳದ ಒಳಗಿರುವ ವಚನಗಳು ಹೆಚ್ಚೇನಿಲ್ಲ. ಯಾಜಕಕಾಂಡದ 18 ಮತ್ತು 20ನೇ ಅಧ್ಯಾಯಗಳ ಎರಡು ಆಜ್ಞೆಗಳು, ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯ, ಕೊರಿಂಥದವರಿಗೂ ತಿಮೊಥೆಯನಿಗೂ ಬರೆದ ಮೊದಲ ಪತ್ರಗಳಲ್ಲಿ ಬರುವ ಪಾಪಿಗಳ ಪಟ್ಟಿಗಳು. ಸಂಪ್ರದಾಯಸ್ಥರು ಇವನ್ನು ಮುಂದಿಡುತ್ತಾರೆ, ಮತ್ತು ಅವರ ವಾದವನ್ನು ಹಗುರವಾಗಿ ತಳ್ಳಿಹಾಕುವುದು ಅನ್ಯಾಯ. ಗುಲಾಮಗಿರಿಯ ವಿಷಯದಲ್ಲಿ, ಹೆಂಗಸರ ವಿಷಯದಲ್ಲಿ ಬೈಬಲಿನಲ್ಲೇ ಎರಡು ದನಿಗಳಿವೆ, ಬಿಡುಗಡೆಯ ದನಿಯನ್ನು ಆರಿಸಿಕೊಳ್ಳಲು ಅಲ್ಲಿ ದಾರಿಯಿದೆ. ಇಲ್ಲಿ ಇರುವುದು ಒಂದೇ ದನಿ ಎನ್ನುತ್ತಾರೆ ಅವರು. ಅದು ಗಟ್ಟಿಯಾದ ವಾದವೇ.

ಪ್ರಗತಿಪರ ಸಭೆಗಳು ಇದಕ್ಕೆ ಎರಡು ಬಗೆಯಲ್ಲಿ ಉತ್ತರ ಕೊಟ್ಟವು. ಪೌಲನ ಕಾಲದ ರೋಮನ್ ಜಗತ್ತಿನಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತಿದ್ದ ಸಂಬಂಧಗಳು ಬಹುಪಾಲು ಯಜಮಾನ ಮತ್ತು ಗುಲಾಮರ ನಡುವಿನವು, ಗಂಡಸು ಮತ್ತು ಹುಡುಗರ ನಡುವಿನವು, ಬಾಳಿನುದ್ದದ ನಿಷ್ಠೆಯ ಸಂಬಂಧವನ್ನು ಆ ವಚನಗಳು ಮನಸ್ಸಿನಲ್ಲಿಟ್ಟಿಲ್ಲ ಎಂಬುದು ಮೊದಲನೆಯದು. ವಿದ್ವಾಂಸರಲ್ಲಿ ಇದರ ಬಗ್ಗೆ ಒಮ್ಮತವಿಲ್ಲ. ಇದರ ಮೇಲಷ್ಟೇ ಇಡೀ ಭಾರ ಹಾಕಿದರೆ ವಾದ ಕುಂಟುತ್ತದೆ ಎಂದೇ ನನ್ನ ಅನಿಸಿಕೆ.

ಎರಡನೆಯ ಉತ್ತರ ಬೇರೆಯದು, ಹೆಚ್ಚು ಆಳದ್ದು. ಧರ್ಮೋಪದೇಶಕಾಂಡದ 23ನೇ ಅಧ್ಯಾಯದ ಮೊದಲ ವಚನ, ವೃಷಣ ಜಜ್ಜಿದವನೂ ಲಿಂಗ ಛೇದನವಾದವನೂ ಕರ್ತನ ಸಭೆಗೆ ಸೇರಬಾರದು ಎನ್ನುತ್ತದೆ. ಶತಮಾನಗಳ ನಂತರ ಯೆಶಾಯನ ಗ್ರಂಥದ 56ನೇ ಅಧ್ಯಾಯ ಅದೇ ಜನರನ್ನು ಕುರಿತು ಮಾತಾಡುತ್ತದೆ: ತಾನು ಒಣಮರ ಎಂದು ಕಂಚುಕಿ (ಹಾಗೆ ಛೇದನವಾದವನು) ಹೇಳಿಕೊಳ್ಳದಿರಲಿ, ನನ್ನ ಆಲಯದೊಳಗೆ ಅವನಿಗೆ ಗಂಡುಹೆಣ್ಣು ಮಕ್ಕಳಿಗಿಂತ ಮಿಗಿಲಾದ ಹೆಸರು ಕೊಡುತ್ತೇನೆ ಎನ್ನುತ್ತಾನೆ ದೇವರು. ಇನ್ನೂ ಮುಂದೆ ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯಕ್ಕೆ ಬಂದರೆ, ಗಾಜಾಕ್ಕೆ ಹೋಗುವ ದಾರಿಯಲ್ಲಿ ಐಥಿಯೋಪ್ಯದ ರಾಣಿಯ ಭಂಡಾರದ ಅಧಿಕಾರಿಯಾದ ಕಂಚುಕಿಯೊಬ್ಬ ರಥದಲ್ಲಿ ಕೂತು ಯೆಶಾಯನ ಸುರುಳಿಯನ್ನೇ ಓದುತ್ತಿದ್ದಾನೆ. ಯೇಸುವಿನ ಸುವಾರ್ತೆ ಸಾರುತ್ತಿದ್ದ ಫಿಲಿಪ್ಪ ರಥ ಹತ್ತಿ ಅವನ ಪಕ್ಕ ಕೂತು ಓದಿದ್ದನ್ನು ವಿವರಿಸುತ್ತಾನೆ. ನೀರು ಕಂಡ ಕೂಡಲೇ ಕಂಚುಕಿ, ನನಗೆ ದೀಕ್ಷಾಸ್ನಾನ ಆಗುವುದಕ್ಕೆ ಅಡ್ಡಿಯೇನು ಎಂದು ಕೇಳುತ್ತಾನೆ. ಅಡ್ಡಿ ಬರೆದಿಟ್ಟೇ ಇತ್ತು, ಮೋಶೆಯ ಹೆಸರಿನಲ್ಲೇ ಇತ್ತು. ಫಿಲಿಪ್ಪ ಅದನ್ನು ಎತ್ತಲಿಲ್ಲ, ನೀರಿಗೆ ಇಳಿದ.

ಈ ಮೂರು ಪುಟಗಳನ್ನು ಜೊತೆಗಿಟ್ಟು ಓದಿದವರಿಗೆ ಬೈಬಲ್ ತನ್ನನ್ನು ತಾನೇ ತಿದ್ದಿಕೊಳ್ಳುತ್ತಾ ಬಂದಿರುವುದು ಕಾಣುತ್ತದೆ. ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯದಲ್ಲಿ ಯೆರೂಸಲೇಮಿನ ಹಿರಿಯರು ಸೇರಿ, ಅನ್ಯಜನರಿಗೆ (ಯೆಹೂದ್ಯರಲ್ಲದವರಿಗೆ) ಸುನ್ನತಿಯ ಕಟ್ಟಳೆ ಬೇಡ ಎಂದು ತೀರ್ಮಾನಿಸುವುದೂ ಇದೇ ಬಗೆ. ಅವರು ಮೊದಲು ಕೇಳಿದ್ದು ಪೇತ್ರ, ಪೌಲ, ಬಾರ್ನಬರ ಅನುಭವವನ್ನು. ವಚನಕ್ಕೆ ಹೋದದ್ದು ಆಮೇಲೆ. ಅದೇ ಸಭೆ ಜಾರತ್ವವನ್ನು ಬಿಡಬೇಕೆಂದೂ ಹೇಳಿತಲ್ಲ ಎಂದು ಸಂಪ್ರದಾಯಸ್ಥರು ನೆನಪಿಸುತ್ತಾರೆ. ಸರಿಯಾದ ನೆನಪೇ. ಆದರೆ ನಿಷ್ಠೆಯಿಂದ ಬಾಳುವ ಇಬ್ಬರ ಸಂಸಾರ ಜಾರತ್ವವೇ ಎಂಬುದಕ್ಕೆ ಉತ್ತರ ಕೊಡಲು ಆ ಇಬ್ಬರನ್ನು ಬಲ್ಲವರೇ ಬೇಕು. ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಹೇಸ್ ಮೆಥಡಿಸ್ಟ್ ಪಾದ್ರಿ, ಹೊಸ ಒಡಂಬಡಿಕೆಯ ದೊಡ್ಡ ವಿದ್ವಾಂಸ. 1996ರಲ್ಲಿ ಅವರು ಬರೆದ ಅಧ್ಯಾಯವೊಂದು ನಿಷೇಧದ ಪರವಾದವರಿಗೆ ಮುಖ್ಯ ಆಧಾರವಾಗಿತ್ತು. 2024ರಲ್ಲಿ ಅವರೇ ಮಗನೊಂದಿಗೆ ಕೂಡಿ ಬರೆದು ತಮ್ಮ ನಿಲುವನ್ನು ಬದಲಿಸಿದರು: ಬಿಡಿ ವಚನಗಳಿಗಿಂತ, ಹೊರಗಿನವರನ್ನು ಮತ್ತೆ ಮತ್ತೆ ಒಳಗೆ ಕರೆಯುವ ದೇವರ ಕರುಣೆಯ ಇಡೀ ಕಥೆಯನ್ನು ನೋಡಬೇಕು ಎಂದರು. ಮರುವರ್ಷದ ಜನವರಿಯಲ್ಲಿ ತೀರಿಕೊಂಡರು. ಬಾಳಿನುದ್ದಕ್ಕೂ ಗ್ರಂಥವನ್ನೇ ಓದಿದ ಮನುಷ್ಯ ಕೊನೆಗಾಲದಲ್ಲಿ ಅದನ್ನೇ ಹಿಡಿದು ತನ್ನ ಮಾತನ್ನು ತಿದ್ದಿಕೊಂಡದ್ದು ಸಣ್ಣ ಸಂಗತಿಯಲ್ಲ.

ಮೆಥಡಿಸ್ಟರಿಗೆ ಇಂಥ ಮರುಓದು ಹೊಸದೂ ಅಲ್ಲ. ವೆಸ್ಲಿ 1774ರಲ್ಲೇ ಗುಲಾಮಗಿರಿಯ ವಿರುದ್ಧ ಬರೆದಿದ್ದರು. ಆದರೂ ಅಮೆರಿಕದ ಮೆಥಡಿಸ್ಟರಲ್ಲಿ ಗುಲಾಮರನ್ನು ಇಟ್ಟುಕೊಂಡವರು ಬಹಳ ಮಂದಿ ಇದ್ದರು, ದಾಸರು ಯಜಮಾನರಿಗೆ ವಿಧೇಯರಾಗಿರಲಿ ಎಂಬ ಎಫೆಸ ಪತ್ರದ ವಚನವನ್ನು ಅವರು ಧಾರಾಳವಾಗಿ ಬಳಸುತ್ತಿದ್ದರು. ಜಾರ್ಜಿಯಾದ ಬಿಷಪ್ ಜೇಮ್ಸ್ ಆಂಡ್ರೂ ಅವರ ಮನೆಯಲ್ಲಿ ಗುಲಾಮರಿದ್ದ ಕಾರಣಕ್ಕೇ 1844ರಲ್ಲಿ ಚರ್ಚು ಉತ್ತರ ದಕ್ಷಿಣ ಎಂದು ಒಡೆಯಿತು. 1939ರಲ್ಲಿ ಮತ್ತೆ ಕೂಡಿದಾಗ ಕರಿಯ ಸಭೆಗಳನ್ನು ಪ್ರತ್ಯೇಕ ವ್ಯಾಪ್ತಿಯೊಂದಕ್ಕೆ ದೂಡಿದರು. ಆ ಬೇಲಿಯನ್ನು ಕಿತ್ತದ್ದು 1968ರಲ್ಲಿ. ಹೆಂಗಸರಿಗೆ ಸಭಾಪಾಲನೆಯ ಪೂರ್ಣ ಹಕ್ಕು ಸಿಕ್ಕಿದ್ದು 1956ರಲ್ಲಿ.

ರಾಜಧಾನಿ ವಾಷಿಂಗ್ಟನ್ನಿನ ಫೌಂಡ್ರಿ ಚರ್ಚಿನ ಇತಿಹಾಸದಲ್ಲಿ ಈ ಇಡೀ ದಾರಿಯ ಗುರುತುಗಳಿವೆ. 1814ರಲ್ಲಿ ಹೆನ್ರಿ ಫಾಕ್ಸಲ್ ಎಂಬ ಎರಕದ ಕಾರ್ಖಾನೆಯ ಒಡೆಯ ಕಟ್ಟಿಸಿದ ಚರ್ಚದು. ಅಲ್ಲಿ ಕರಿಯ ವಿಶ್ವಾಸಿಗಳನ್ನು ಮೇಲಿನ ಗ್ಯಾಲರಿಯಲ್ಲಿ ಕೂರಿಸುತ್ತಿದ್ದರು. 1836ರಲ್ಲಿ ಅವರು ಹೊರಬಂದು ತಮ್ಮದೇ ಆಸ್ಬರಿ ಸಭೆ ಕಟ್ಟಿಕೊಂಡರು, ಅದು ಇಂದಿಗೂ ಅದೇ ನಗರದಲ್ಲಿದೆ. ಹೀಗೆ ತನ್ನವರನ್ನೇ ಹೊರದೂಡಿದ ಫೌಂಡ್ರಿ 1995ರಲ್ಲಿ, ಲಿಂಗತ್ವ ಅಲ್ಪಸಂಖ್ಯಾತರಿಗೆ ಪೂರ್ಣ ಸ್ವಾಗತ ಎಂದು ಸಾರಿತು. 2010ರಲ್ಲಿ ನಗರದ ಕಾನೂನು ಸಲಿಂಗ ವಿವಾಹವನ್ನು ಒಪ್ಪಿದ ಮೇಲೆ, ಪಂಗಡದ ನಿಷೇಧ ಇದ್ದಂತೆಯೇ, ಅಂಥ ಮದುವೆಗಳನ್ನು ತನ್ನ ಚರ್ಚಿನಲ್ಲಿ ನಡೆಸಲು ಸದಸ್ಯರ ಮತ ಪಡೆಯಿತು.

ಈ ಚರ್ಚಿನ ಬಗ್ಗೆ ಮಾತಾಡುವವರು ಮದುವೆ, ಅಮೆರಿಕದ ಅಧ್ಯಕ್ಷರ ಭೇಟಿ ಇಂಥವನ್ನೇ ಹೇಳುತ್ತಾರೆ. ನನ್ನ ಗಮನ ಹೋಗುವುದು ಗುರುತಿನ ಚೀಟಿಯ ಸೇವೆಯ ಕಡೆಗೆ. ಮನೆಯಿಲ್ಲದೆ ಬೀದಿಯಲ್ಲಿ ಬದುಕುವವರ ಬಳಿ ಜನನ ಪ್ರಮಾಣಪತ್ರ ಇರುವುದಿಲ್ಲ. ಅದಿಲ್ಲದೆ ಗುರುತಿನ ಚೀಟಿ ಸಿಗುವುದಿಲ್ಲ, ಚೀಟಿ ಇಲ್ಲದೆ ಕೆಲಸವಿಲ್ಲ, ಬಾಡಿಗೆ ಮನೆಯಿಲ್ಲ, ಸರ್ಕಾರಿ ನೆರವಿಲ್ಲ. ಒಂದು ದಾಖಲೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ನಮ್ಮ ಜನಕ್ಕೆ ಈ ಸುಳಿ ಚೆನ್ನಾಗಿ ಗೊತ್ತು. ಫೌಂಡ್ರಿಯ ಸ್ವಯಂಸೇವಕರು ಅಂಥವರ ಜೊತೆ ಕೂತು ಅರ್ಜಿ ತುಂಬಿಸುತ್ತಾರೆ, ಶುಲ್ಕವನ್ನು ಸಭೆಯ ಹಣದಿಂದ ಕಟ್ಟುತ್ತಾರೆ. ಕಂಚುಕಿಯ ಪಕ್ಕ ಕೂತ ಫಿಲಿಪ್ಪನ ಕಥೆಯನ್ನು ಭಾನುವಾರ ಓದಿದವರು ವಾರದ ಕೆಲಸದ ದಿನದಲ್ಲಿ ಮಾಡಬಹುದಾದದ್ದು ಇದು. ಇಂಥ ಸೇವೆಯಿಲ್ಲದೆ ಬಾಗಿಲ ಮೇಲೆ ಬರೀ ಕಾಮನಬಿಲ್ಲಿನ ಬಾವುಟ ಕಟ್ಟಿದ ಸಭೆಯನ್ನು ಪ್ರಗತಿಪರ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಇನ್ನು ಒಡಕಿನ ವಿಷಯ. 2019ರ ಫೆಬ್ರುವರಿಯಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ವಿಶೇಷ ಮಹಾಸಭೆ ಕರೆದರು. ಐದರಲ್ಲಿ ಎರಡು ಪಾಲಿನಷ್ಟು ಪ್ರತಿನಿಧಿಗಳು ಅಮೆರಿಕದ ಹೊರಗಿನವರು, ಹೆಚ್ಚಿನವರು ಆಫ್ರಿಕಾದವರು. ನಿಷೇಧವನ್ನು ಬಿಗಿ ಮಾಡುವ ಯೋಜನೆ 438–384 ಮತಗಳಿಂದ ಗೆದ್ದಿತು. ಗೆದ್ದವರೇ ಆಮೇಲೆ ಹೊರಟರು, ಏಕೆಂದರೆ ಅಮೆರಿಕದ ಬಹುತೇಕ ಸಮ್ಮೇಳನಗಳು ಆ ನಿಯಮವನ್ನು ಜಾರಿ ಮಾಡುವುದಿಲ್ಲ ಎಂಬುದು ಸ್ಪಷ್ಟವಾಗಿತ್ತು. ಮೆಥಡಿಸ್ಟರಲ್ಲಿ ಚರ್ಚಿನ ಕಟ್ಟಡ, ಜಮೀನು ಎಲ್ಲವೂ ಪಂಗಡದ ಪರವಾಗಿ ಇಟ್ಟುಕೊಂಡ ಟ್ರಸ್ಟ್ ಆಸ್ತಿಯಾಗಿರುತ್ತವೆ, ಬಿಟ್ಟು ಹೋಗುವವರು ಬರಿಗೈಯಲ್ಲಿ ಹೋಗಬೇಕು. ಅದಕ್ಕೆ ತಾತ್ಕಾಲಿಕ ವಿನಾಯಿತಿ ಕೊಟ್ಟರು: ಸದಸ್ಯರ ಮೂರರಲ್ಲಿ ಎರಡು ಪಾಲು ಮತ ಬಿದ್ದು, ಎರಡು ವರ್ಷದ ವಂತಿಗೆಯನ್ನೂ ಪಾದ್ರಿಗಳ ಪಿಂಚಣಿಯ ಪಾಲನ್ನೂ ಕಟ್ಟಿದರೆ ಆಸ್ತಿ ಸಮೇತ ಹೋಗಬಹುದು. 2023ರ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ 7,600ಕ್ಕೂ ಹೆಚ್ಚು ಸಭೆಗಳು, ಅಂದರೆ ಸುಮಾರು ಕಾಲು ಭಾಗ, ಹೊರಹೋದವು. ಅವುಗಳಲ್ಲಿ ಬಹಳಷ್ಟು 2022ರ ಮೇ 1ರಂದು ಶುರುವಾದ ಗ್ಲೋಬಲ್ ಮೆಥಡಿಸ್ಟ್ ಚರ್ಚನ್ನು ಸೇರಿದವು.

ಕಾಲು ಭಾಗ ಎಂಬ ಲೆಕ್ಕದಲ್ಲಿ ನೋವು ಕಾಣುವುದಿಲ್ಲ. ಒಂದು ಸಣ್ಣ ಊರಿನ ಚರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಜನ ಹೋಗೋಣ ಎಂದರೆ, ಉಳಿದ ಒಂದು ಪಾಲಿನವರು ತಮ್ಮ ಅಪ್ಪ ಅಮ್ಮನ ಸಮಾಧಿ ಇರುವ ಅಂಗಳವನ್ನು ಬಿಟ್ಟು ಬರಬೇಕು. ಹಾಗೆ ಚರ್ಚು ಕಳೆದುಕೊಂಡವರಿಗಾಗಿ ಕೆಲವು ಸಮ್ಮೇಳನಗಳು ಹತ್ತಿರದ ಸಭೆಗಳನ್ನು ದೀಪಸ್ತಂಭದ ಸಭೆಗಳೆಂದು ಗುರುತಿಸಿ ಬಾಗಿಲು ತೆರೆದವು. ಹೋದವರಲ್ಲೂ ಮನಸ್ಸಾಕ್ಷಿಯಿಂದಲೇ ಹೋದವರು ಬಹಳ ಮಂದಿ ಇದ್ದಾರೆ. ಪ್ರಗತಿಪರತೆಯಿಂದ ಸಭೆ ಬರಿದಾಯಿತು ಎಂಬ ಮಾತಿಗೆ ಮಾತ್ರ ಅಂಕಿ ಅಂಶದ ಬೆಂಬಲ ಸಾಲದು. 1968ರಲ್ಲಿ ಅಮೆರಿಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಇದ್ದ ಸದಸ್ಯರು, ಒಡಕಿಗೂ ಮೊದಲೇ, ನಿಷೇಧ ಜಾರಿಯಲ್ಲಿದ್ದ ಕಾಲದಲ್ಲೇ, 2018ರ ಹೊತ್ತಿಗೆ 70 ಲಕ್ಷಕ್ಕಿಂತ ಕೆಳಗಿಳಿದಿದ್ದರು.

2024ರ ಏಪ್ರಿಲ್–ಮೇ ತಿಂಗಳಲ್ಲಿ ನಾರ್ತ್ ಕೆರೊಲಿನಾದ ಶಾರ್ಲಟ್ ನಗರದಲ್ಲಿ, ಕೋವಿಡ್‌ನಿಂದಾಗಿ ನಾಲ್ಕು ವರ್ಷ ಮುಂದೆ ಹೋಗಿದ್ದ ಮಹಾಸಭೆ ನಡೆಯಿತು. ಅಭಿಷೇಕದ ನಿಷೇಧವನ್ನು ತೆಗೆಯುವ ಪ್ರಸ್ತಾಪ ಮೇ 1ರಂದು ಚರ್ಚೆಯೇ ಇಲ್ಲದೆ 692–51 ಮತಗಳಿಂದ ಪಾಸಾಯಿತು. ಮರುದಿನ 1972ರ ಆ ಸಾಲು 523–161 ಮತಗಳಿಂದ ಅಳಿಯಿತು. ಮದುವೆಯ ವ್ಯಾಖ್ಯೆಯಲ್ಲಿ ಗಂಡು–ಹೆಣ್ಣಿನ ಮದುವೆಯನ್ನೂ, ವಯಸ್ಕರಿಬ್ಬರ ಮದುವೆಯನ್ನೂ ಅಕ್ಕಪಕ್ಕದಲ್ಲಿಟ್ಟು ದಾರಿ ಮಾಡಿಕೊಟ್ಟದ್ದು ಜಿಂಬಾಬ್ವೆಯ ಪ್ರತಿನಿಧಿಯೊಬ್ಬರು ತಂದ ತಿದ್ದುಪಡಿ. ಸಲಿಂಗ ವಿವಾಹ ನಡೆಸುವ ಪಾದ್ರಿಗೂ ಶಿಕ್ಷೆಯಿಲ್ಲ, ಒಲ್ಲೆ ಎನ್ನುವ ಪಾದ್ರಿಗೂ ಶಿಕ್ಷೆಯಿಲ್ಲ ಎಂದು ಬರೆದರು.

ನ್ಯಾಯ ಸಿಕ್ಕಿತು ಎಂದು ನಾನೂ ಸಂತೋಷಪಟ್ಟೆ. ಆದರೆ 692–51 ಎಂಬ ಅಂತರ ಹೇಗೆ ಬಂತೆಂದು ನೋಡಬೇಕು. ಎದುರು ವಾದಿಸುತ್ತಿದ್ದವರಲ್ಲಿ ಬಹಳಷ್ಟು ಜನ ಅಷ್ಟು ಹೊತ್ತಿಗೆ ಸಭಾಂಗಣದಲ್ಲೇ ಇರಲಿಲ್ಲ. ಭಿನ್ನಮತದವರ ಪಕ್ಕ ಕೂತು ಓದುವ ಅಭ್ಯಾಸ ಪ್ರಗತಿಪರರಿಗೇ ಕೈಬಿಟ್ಟುಹೋಗುವ ಅಪಾಯ ಇಲ್ಲಿದೆ. ಈ ಮಹಾಸಭೆ ಒಪ್ಪಿದ ಪ್ರಾದೇಶಿಕ ವ್ಯವಸ್ಥೆಯಲ್ಲಿ ಆ ಅಪಾಯ ಇನ್ನಷ್ಟು ಕಾಣುತ್ತದೆ. ಅಮೆರಿಕ, ಆಫ್ರಿಕಾ, ಯುರೋಪ್, ಫಿಲಿಪ್ಪೀನ್ಸ್ ಪ್ರದೇಶಗಳು ಅಭಿಷೇಕ, ಮದುವೆ ಇಂಥ ವಿಷಯಗಳಲ್ಲಿ ತಮ್ಮ ತಮ್ಮ ನಿಯಮ ಮಾಡಿಕೊಳ್ಳಬಹುದು. ಸ್ಥಳೀಯ ಸಮ್ಮೇಳನಗಳಲ್ಲಿ ಶೇಕಡ 90ಕ್ಕಿಂತ ಹೆಚ್ಚು ಮತ ಬಿದ್ದು 2025ರ ನವೆಂಬರ್‌ನಲ್ಲಿ ಇದಕ್ಕೆ ಅಂತಿಮ ಒಪ್ಪಿಗೆ ಸಿಕ್ಕಿತು. ಅಮೆರಿಕದವರು ಬರೆದದ್ದನ್ನು ಆಫ್ರಿಕಾದವರು ತಲೆಬಾಗಿ ಒಪ್ಪಬೇಕಾದ ಹಳೆಯ ಪಾಳೇಗಾರಿಕೆ ಇದರಿಂದ ಕಡಿಮೆಯಾಗುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದು. ಆದರೆ ಕಾಂಗೋ ದೇಶದ ಕಿನ್ಶಾಸಾದ ಸಲಿಂಗಿ ಯುವಕನೊಬ್ಬನಿಗೆ ಇದರಿಂದ ಸಿಕ್ಕಿದ್ದು ಏನೂ ಇಲ್ಲ. 10 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದ ಐವರಿ ಕೋಸ್ಟಿನ ಸಮ್ಮೇಳನ 2024ರ ಮೇ ತಿಂಗಳಲ್ಲೇ ಪಂಗಡವನ್ನು ಬಿಟ್ಟಿತು. ನೈಜೀರಿಯಾದ ತಾರಾಬಾ ರಾಜ್ಯದಲ್ಲಿ ಮೆಥಡಿಸ್ಟರ ಎರಡು ಬಣಗಳ ಘರ್ಷಣೆಯಲ್ಲಿ ಆ ವರ್ಷದ ಡಿಸೆಂಬರ್‌ನಲ್ಲಿ ಜೀವಗಳೇ ಹೋದವು, ಮಕ್ಕಳೂ ಸತ್ತರು.

ಕರ್ನಾಟಕಕ್ಕೆ ಈ ಕಥೆಯ ನಂಟು ಇದೆ. ಹಳೆ ಮೈಸೂರಿನ ವೆಸ್ಲಿಯನ್ ಮಿಷನ್ ಇಂಗ್ಲೆಂಡಿನದು, ಅದು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ (ಸಿ.ಎಸ್.ಐ.) ಸೇರಿಹೋಯಿತು. ಬೀದರ, ಕಲಬುರಗಿ, ಬೆಳಗಾವಿ, ಕೋಲಾರ ಮತ್ತು ಬೆಂಗಳೂರಿನ ರಿಚ್ಮಂಡ್ ಟೌನಿನ ಮೆಥಡಿಸ್ಟರು ಅಮೆರಿಕನ್ ಮಿಷನ್ನಿನ ಮಕ್ಕಳು. 1972ರಲ್ಲಿ ಆ ಸಾಲು ಸೇರಿದಾಗ ಭಾರತದ ಈ ಸಭೆಗಳು ಇನ್ನೂ ಅಮೆರಿಕದ ಪಂಗಡದ ಅಂಗವಾಗಿದ್ದವು. 1981ರ ಜನವರಿಯಲ್ಲಿ ಭಾರತದ ಮೆಥಡಿಸ್ಟ್ ಚರ್ಚು ಸ್ವತಂತ್ರವಾಯಿತು. ಹಾಗಾಗಿ ಶಾರ್ಲಟ್ಟಿನ ನಿರ್ಣಯ ಇಲ್ಲಿನ ಯಾವ ಅಯ್ಯನವರನ್ನೂ (ಪಾದ್ರಿಯನ್ನೂ) ಕಟ್ಟುವುದಿಲ್ಲ. ಈ ವಿಷಯದಲ್ಲಿ ಏನು ಮಾಡಬೇಕು ಎಂಬುದು ಪೂರ್ತಿಯಾಗಿ ಇಲ್ಲಿಯವರ ಕೈಯಲ್ಲೇ ಇದೆ.

ಹೊರಗಿಟ್ಟವರ ಜೊತೆ ಕೆಳಗೆ ಕೂತು ಬೈಬಲ್ ಓದುವುದನ್ನು ಇಲ್ಲಿಯವರು ಅಮೆರಿಕದಿಂದ ಕಲಿಯಬೇಕಾಗಿಲ್ಲ. ಅದೇ 1981ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ದೈವಶಾಸ್ತ್ರಜ್ಞ ಅರವಿಂದ ನಿರ್ಮಲ್ ‘ಶೂದ್ರ ದೈವಶಾಸ್ತ್ರದ ಕಡೆಗೆ’ ಎಂಬ ಉಪನ್ಯಾಸ ಕೊಟ್ಟರು. ದಲಿತ ದೈವಶಾಸ್ತ್ರ ಎಂದು ಇಂದು ಜಗತ್ತು ಗುರುತಿಸುವ ಚಿಂತನೆ ಬೆಳೆದದ್ದು ಅಲ್ಲಿಂದ. ನಿರ್ಮಲ್ ಮುಂದೆ ಧರ್ಮೋಪದೇಶಕಾಂಡದ 26ನೇ ಅಧ್ಯಾಯವನ್ನು, ನೆಲೆಯಿಲ್ಲದೆ ಅಲೆದ ಪೂರ್ವಜನ ಕಥೆಯನ್ನು, ತಮ್ಮ ದಲಿತ ಹಿರಿಯರ ಕಥೆಯಾಗಿ ಓದಿದರು. ಪಾಠ ಹೇಳುವ ಪಂಡಿತರು ಅದುವರೆಗೆ ವಚನಗಳನ್ನು ಮೇಲ್ಜಾತಿಯ ವೇದಾಂತದ ಜೊತೆ ಹೊಂದಿಸಿ ನೋಡುತ್ತಿದ್ದರು, ಸಭೆಯ ಬೆಂಚಿನಲ್ಲಿದ್ದ ಬಹುಪಾಲು ಜನ ದಲಿತರಾಗಿದ್ದರೂ. ಬೀದರ, ಕಲಬುರಗಿಯ ಮೆಥಡಿಸ್ಟ್ ಕುಟುಂಬಗಳೂ ಹೆಚ್ಚಿನವು ಊರಾಚೆಯ ಕೇರಿಗಳಿಂದಲೇ ಬಂದವು. ಅನುಭವವನ್ನು ಗ್ರಂಥದ ಪಕ್ಕಕ್ಕಿಟ್ಟು ಓದುವ ಬಲ ಅವರಿಗೆ ಆಗಲೇ ಇದೆ.

ಆ ಓದು ಜಾತಿಯ ಹತ್ತಿರವೇ ನಿಂತುಬಿಟ್ಟಿದೆ ಎಂಬುದು ನನ್ನ ಕೊರಗು. ಧರ್ಮೋಪದೇಶಕಾಂಡದ 26ನೇ ಅಧ್ಯಾಯದಿಂದ 23ನೇ ಅಧ್ಯಾಯಕ್ಕೆ ಕೆಲವೇ ಪುಟ. ಕಲಬುರಗಿಯ ಬಸ್ ನಿಲ್ದಾಣದಲ್ಲಿ ಕೈಚಾಚಿ ನಿಲ್ಲುವ ಮಂಗಳಮುಖಿಯರಲ್ಲಿ ಯಾರಾದರೂ ಭಾನುವಾರ ಬೆಳಗ್ಗೆ ಚರ್ಚಿನ ಬಾಗಿಲಿಗೆ ಬಂದರೆ ಗಂಡಸರ ಸಾಲಿಗೆ ಕಳಿಸಬೇಕೋ ಹೆಂಗಸರ ಸಾಲಿಗೋ ಎಂಬ ಗೊಂದಲಕ್ಕೆ ಉತ್ತರ ಹೇಳಬೇಕಾದವರು ಆ ಊರಿನ ಅಯ್ಯನವರು ಮತ್ತು ಹಿರಿಯರು. ಸುವಾರ್ತಾ ಕೂಟಗಳಲ್ಲಿ, ಸ್ತ್ರೀಯರ ಕೂಟಗಳಲ್ಲಿ, ಯುವಜನರ ಬೈಬಲ್ ಅಧ್ಯಯನದಲ್ಲಿ ಯೆಶಾಯನ 56ನೇ ಅಧ್ಯಾಯವನ್ನು ಒಂದು ಸಂಜೆ ಗಟ್ಟಿಯಾಗಿ ಓದಿ, ಆ ಓದಿಗೆ ಅವರನ್ನೂ ಕರೆಯಬಹುದು. ಅದಕ್ಕೆ ಯಾವ ಮಹಾಸಭೆಯ ಅನುಮತಿಯೂ ಬೇಕಿಲ್ಲ.